ಕ್ಲಬ್ಬಿನ ಟೀಶರ್ಟ್ ತೋಟಕ್ಕೆ ಯಾಕೆ ಹೋಗ್ತದೆ?

ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆ ಅಡಿಕೆಗೆ ಮದ್ದು ಬಿಡುವವರನ್ನು ಒಮ್ಮೆ ನೋಡಿ ಮಾರಾಯ್ರೆ, ಮೈಮೇಲೆ ಯಾವುದಾದ್ರೂ ಕ್ಲಬ್ಬಿನದ್ದೋ ದೇವಸ್ಥಾನದ ಬ್ರಹ್ಮಕಲಶದ್ದೋ ಟೀಶರ್ಟ್ ಇರ್ತದೆ. ಮೈಲುತುತ್ತಿನ ನೀಲಿ ಬಿದ್ದು ಬಿದ್ದು ಲೋಗೋ ಯಾವುದು ಕಲೆ ಯಾವುದು ಗೊತ್ತಾಗುದಿಲ್ಲ. ಚಂದಾ ಎತ್ತಿ ಮಾಡಿಸಿದ್ದು, ಒಂದು ದಿವಸ ಹಾಕಿ ಸೀದಾ ತೋಟಕ್ಕೆ.

ದೊಡ್ಡ ಕಾರಣ ಬೆನ್ನು. ಜ್ಯುವೆಲ್ಲರಿ, ಹಾರ್ಡ್‌ವೇರ್, ಶಾಮಿಯಾನ, ಕ್ಯಾಟರಿಂಗ್, ಎಲ್ಲಾ ಫೋನ್ ನಂಬರ್ ಸಮೇತ ಉಂಟು. ಅದನ್ನು ಹಾಕಿಕೊಂಡು ಯಾರು ಮಂಗಳೂರು ಬಸ್ ಹತ್ತುದು? ಸ್ಪಾನ್ಸರ್ ಬೇಡ ಅಂತ ಅಲ್ಲ, ಅವರ ದುಡ್ಡಿಲ್ಲದೆ ಕಬಡ್ಡಿಯೇ ನಡೀಲಿಕ್ಕಿಲ್ಲ, ಆದ್ರೆ ಅವರ ಹೆಸರು ಅಂಕಣದ ಬದಿ ಬ್ಯಾನರಲ್ಲಿ ದೊಡ್ಡದಾಗಿ ಹಾಕಿ, ಮೈಕಲ್ಲಿ ಬೇಕಾದಷ್ಟು ಸಲ ಹೇಳಿ. ಟೀಶರ್ಟಿಗೆ ಎಡ ಎದೆಯಲ್ಲಿ ಮೂರು ಇಂಚಿನ ಲೋಗೋ ಸಾಕು. ಇಸವಿಯೂ ಬೇಡ, ಮರು ವರ್ಷ ಅದು ಹಳೇ ಕ್ಯಾಲೆಂಡರ್. "ಸ್ವಯಂಸೇವಕ" ಅಂತ ಬರೀಲೇಬೇಕಾದ್ರೆ ಕುತ್ತಿಗೆಗೊಂದು ಬ್ಯಾಡ್ಜ್ ಕೊಡಿ.

ಇನ್ನು ಬಟ್ಟೆ. ಸಬ್ಲಿಮೇಷನ್ ಪ್ರಿಂಟ್ ಹಿಡಿಯುದು ಪಾಲಿಯೆಸ್ಟರಿಗೆ, ಬಿಸಿ ಒತ್ತಿದಾಗ ಬಣ್ಣ ನೂಲಿಗೇ ಇಳೀತದೆ, ಒಗೆದ್ರೂ ಹೋಗುದಿಲ್ಲ, ನಮ್ಮ ಜುಲೈ ಮಳೆಗೂ ಬೇಗ ಒಣಗ್ತದೆ, ಹಾಗಾಗಿ ಆಟಗಾರರಿಗೆ ಅದೇ ಸರಿ. ಆದ್ರೆ ಏಪ್ರಿಲ್ ಸೆಕೆಯಲ್ಲಿ ಹಂಡೆ ಎದುರು ನಿಂತು ಸಾರು ಬಡಿಸುವವನಿಗೂ ಅದನ್ನೇ ಹಾಕಿಸುದು ಪಾಪ ಅಲ್ವಾ? ಅವನಿಗೆ 180 ಜಿಎಸ್‌ಎಂ ಕಾಟನ್ ಕೊಡಿ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗ್ತದೆ ಅಂತ, 140ರ ಬಿಳಿ ತಗೊಂಡ್ರೆ ಒಳಗಿನ ಬನಿಯನ್ ಕಾಣ್ತದೆ. "ತಿರುಪುರದ ಮಾಲು" ಅಂದ ಕೂಡ್ಲೇ ತಲೆ ಆಡಿಸ್ಬೇಡಿ, ಅಲ್ಲಿ ತೆಳುವೂ ಸಿಕ್ತದೆ ದಪ್ಪವೂ ಸಿಕ್ತದೆ.

ನೂರು ಪೀಸ್ ಇದ್ರೆ ಸ್ಕ್ರೀನ್ ಪ್ರಿಂಟ್ ಲಾಭ. ಬಣ್ಣಕ್ಕೊಂದು ಸ್ಕ್ರೀನ್, ಅಂದ್ರೆ ಅಚ್ಚಿನ ಜಾಲರಿ, ಮಾಡ್ಬೇಕು, ಹಾಗಾಗಿ ಒಂದೆರಡು ಬಣ್ಣದಲ್ಲಿ ಮುಗಿಸಿ. ಡಿಟಿಎಫ್, ಅಂದ್ರೆ ಫಿಲ್ಮಿಗೆ ಪ್ರಿಂಟ್ ಹಾಕಿ ಬಿಸಿಯಲ್ಲಿ ಬಟ್ಟೆಗೆ ಅಂಟಿಸುದು, ಹತ್ತಿಪ್ಪತ್ತು ಪೀಸಿಗೆ ಅಡ್ಡಿಯಿಲ್ಲ, ಆದ್ರೆ ಎದೆ ತುಂಬಾ ಅಂಟಿಸಿದ್ರೆ ಗಾಳಿ ಆಡುದಿಲ್ಲ, ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ರೆ ಕಥೆ ಮುಗೀತು.

ಮತ್ತೆ ನಮ್ಮ ಕಾಸರಗೋಡಿನವರದ್ದೇ ಒಂದು ತಲೆಬಿಸಿ. ಪ್ರಿಂಟಿಂಗಿನ ಹುಡುಗರಿಗೆ ಮಲಯಾಳ ನೀರು ಕುಡಿದ ಹಾಗೆ ಬರ್ತದೆ, ಕನ್ನಡ ಓದ್ಲಿಕ್ಕೆ ಬರಬೇಕಂತ ಇಲ್ಲ. ಫಾಂಟ್ ಸರಿ ಕೂರದಿದ್ರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಲ್ತದೆ, ತಪ್ಪು ಅಂತ ಅವರಿಗೆ ಗೊತ್ತೂ ಆಗುದಿಲ್ಲ. ವಾಟ್ಸಾಪಲ್ಲಿ ಫೋಟೋ ಕಳಿಸ್ಬೇಡಿ, ಅಕ್ಷರವನ್ನು ಔಟ್‌ಲೈನ್ ಮಾಡಿದ, ಅಂದ್ರೆ ಫಾಂಟ್ ಬೇಡದ ಹಾಗೆ ಚಿತ್ರದ ಗೆರೆಯಾಗಿ ಬದಲಿಸಿದ, ಪಿಡಿಎಫ್ ಕೊಡಿ. ಎಂಬ್ರಾಯ್ಡರಿ ಆದ್ರೆ ಹೆಸರು ಸ್ವಲ್ಪ ದೊಡ್ಡದೇ ಇರಲಿ, ಸಣ್ಣ ಒತ್ತುಗಳೆಲ್ಲ ನೂಲು ತುಂಬಿ ಬರೀ ಚುಕ್ಕೆ ಆಗಿ ಬಿಡ್ತವೆ.

ಸೈಜ್ ಗ್ರೂಪಲ್ಲಿ ಕೇಳಿದ್ರೆ ಎಲ್ಲರೂ ಎಲ್ ಅಂತ್ಲೇ ಹೇಳುದು, ಹೊಟ್ಟೆ ಬೇರೆ ಹೇಳ್ತದೆ. ಕಂಪನಿಗೊಂದು ಅಳತೆ ಬೇರೆ. ಸ್ಯಾಂಪಲ್ ತರಿಸಿ ಮೀಟಿಂಗಲ್ಲೇ ಹಾಕಿಸಿ ನೋಡಿ, ಒಂದನ್ನು ಎರಡು ಸಲ ಒಗೆದು ನೋಡಿ, ಆಮೇಲೆ ಆರ್ಡರ್ ಕೊಡಿ. ಕಾಲರೋ ರೌಂಡ್ ನೆಕ್ಕೋ ಅಂತ ಮಾತ್ರ ನನ್ನತ್ರ ಕೇಳ್ಬೇಡಿ, ಆ ಜಗಳ ಕಮಿಟಿಯವರೇ ಮಾಡ್ಲಿ. ಓಟು ಹಾಕ್ಲೇಬೇಕಾದ್ರೆ ನಂದು ಕಾಲರಿಗೆ, ಕಿಸೆ ಉಂಟಾದ್ರೆ ಡಬಲ್ ಓಟು.