ಹೊಸ ಹೆಲ್ಮೆಟ್ ಎಲ್ಲ ಗುಂಡನ್ನೂ ತಡೆಯುತ್ತದೆಯೇ?

ಸೈನಿಕರ, ಪೊಲೀಸರ ಹೊಸ ಹೆಲ್ಮೆಟ್ ಎಂಥ ಗುಂಡನ್ನಾದರೂ ತಡೆಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಹಂಚುವವರ ಅಭಿಮಾನ ಅರ್ಥವಾಗುವಂಥದ್ದೇ, ಮಾಹಿತಿ ಮಾತ್ರ ತಪ್ಪು. ಅರಾಮಿಡ್ ಎಂಬ ಬಲವಾದ ಕೃತಕ ನಾರು ಅಥವಾ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಪದರಗಳ ಬಹುತೇಕ ಹೆಲ್ಮೆಟ್‌ಗಳು ತಡೆಯುವುದು ಸ್ಫೋಟದ ಚೂರುಗಳನ್ನು, 9 ಎಂಎಂ ಪಿಸ್ತೂಲಿನಂಥ ಗುಂಡುಗಳನ್ನು. ಎಕೆ-47 ರೈಫಲ್‌ನ ಗುಂಡು ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಪಿಸ್ತೂಲಿನ ಗುಂಡಿನ ವೇಗದ ಹೆಚ್ಚುಕಡಿಮೆ ಇಮ್ಮಡಿ, ಹಾಗಾಗಿ ಬಹುತೇಕ ಹೆಲ್ಮೆಟ್‌ಗಳು ಇದನ್ನು ತಡೆಯಲಾರವು. ಕೆಲವು ಬಗೆಯ ರೈಫಲ್ ಗುಂಡುಗಳನ್ನು ತಡೆಯುವ ಹೆಲ್ಮೆಟ್‌ಗಳೂ ಇವೆ, ಆದರೆ ಅವೂ ಎಲ್ಲ ಗುಂಡುಗಳನ್ನು ತಡೆಯುವುದಿಲ್ಲ. ಗುಂಡು ನಿಂತರೂ ಹೆಲ್ಮೆಟ್‌ನ ಚಿಪ್ಪು ಒಳಕ್ಕೆ ಉಬ್ಬಿ ತಲೆಬುರುಡೆಗೆ ಪೆಟ್ಟಾಗಬಹುದು. ಇದನ್ನು ಯಾವ ಸಂದೇಶವೂ ಹೇಳುವುದಿಲ್ಲ.



ಇಂಥ ಸಂದೇಶ ಅಥವಾ ವಿಡಿಯೊ ಬಂದರೆ ಯಾವ ಗುಂಡು, ಎಷ್ಟು ವೇಗ, ಯಾವ ಪರೀಕ್ಷಾ ಮಾನದಂಡ ಎಂದು ಹುಡುಕಿ. ತಯಾರಕರ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಇವೆಲ್ಲ ಇರುತ್ತವೆ.