ಹೋಗ್ತಾ ಹೋಗ್ತಾ ಬಿಡಿ, ನಿಂತು ಬಿಡಬೇಡಿ

ಕಲಬುರಗಿಗೆ ಸಮುದ್ರ ಇಲ್ಲ. ಇರೋದು ಅಪ್ಪನ ಕೆರೆ, ಬಿಸಿಲು, ಮತ್ತೆ ಬಚ್ಚಲ ನೀರಿನ ಜಗಳ. ಹೋದ ವಾರ ನಮ್ಮ ಓಣಿಯಲ್ಲೂ ಒಂದಾಯಿತು. ಪಕ್ಕದ ಮನೆಯವರು ರಾತ್ರೋರಾತ್ರಿ ಪೈಪನ್ನು ನಮ್ಮ ಕಟ್ಟೆ ಕಡೆ ತಿರುಗಿಸಿದ್ದರು. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಕೆಳಗೆ ಸಾಬೂನಿನ ನೊರೆ, ನಡುವೆ ನಾಲ್ಕು ಅನ್ನದ ಅಗುಳು, ಒಂದು ಕರಿಬೇವಿನ ಎಲೆ. ಎದುರು ಮನೆ ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ಹತ್ತೇ ನಿಮಿಷ. ಪೈಪು ಮತ್ತೆ ಗಟಾರಕ್ಕೆ.

ಸಂಜೆ ಚಾ ಕುಡಿಯುತ್ತಾ ದೊಡ್ಡವ್ವನಿಗೆ ಕ್ರೂಸ್ ಹಡಗಿನ, ಅಂದರೆ ಸಮುದ್ರದಲ್ಲಿ ಪ್ರವಾಸ ಮಾಡಿಸೋ ಹಡಗಿನ ಕಾನೂನು ಹೇಳಿದೆ. ಒಂದೊಂದು ಹಡಗಿನಲ್ಲಿ ಸಾವಿರಾರು ಜನ, ಒಂದು ಊರೇ ತೇಲಿದ ಹಾಗೆ. ಮಾರ್ಪೋಲ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದರೆ, ಬಹಳ ಕಡೆ ಸಂಡಾಸಿನ ನೀರನ್ನು ಹಾಗೇ ಸಮುದ್ರಕ್ಕೆ ಬಿಡಬಹುದು.

"22 ಅಂದ್ರ ಇನ್ನಾ ಶಹಾಬಾದ್ ಸೈತ ಬರಂಗಿಲ್ಲಲ್ಲೋ ತಮ್ಮಾ!"

ಷರತ್ತೂ ಇದೆ. ಹಡಗು ನಿಂತಿರಬಾರದು. ಕನಿಷ್ಠ 4 ನಾಟ್, ಅಂದರೆ ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಹೋಗ್ತಿರಬೇಕು. ಹೋಗ್ತಾ ಬಿಟ್ಟರೆ ನಿಯಮ, ನಿಂತು ಬಿಟ್ಟರೆ ಹೊಲಸು. ಬಸ್ ಸ್ಟ್ಯಾಂಡಿನ ಗೋಡೆಗೆ ಮುಖ ಮಾಡಿ ನಿಲ್ಲುವ ನಮ್ಮವರು ಇದನ್ನು ಗಮನಿಸಬೇಕು.

ಸ್ನಾನ, ಬಟ್ಟೆ, ಮುಸುರಿ ನೀರಿನ ವಿಷಯಕ್ಕೆ ಮಾರ್ಪೋಲ್ ಸುಮ್ನೆ ಕೂತಿದೆ. ಅಲಾಸ್ಕದಂಥ ಕೆಲವು ಕಡೆ ತಮ್ಮದೇ ಕಾನೂನು ಮಾಡಿಕೊಂಡಿದ್ದಾರೆ, ಅಷ್ಟೇ. ಓಣಿಯಲ್ಲಿ ತಲೆ ಒಡೆಯೋ ನೀರಿಗೆ ನಡುಸಮುದ್ರದಲ್ಲಿ ಹೇಳೋರು ಕೇಳೋರು ಇಲ್ಲ.

ಹೊಗೆಯ ಕಥೆ ಇನ್ನೂ ಚೆಂದ. 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ಶೇ. 0.5 ಮೀರಬಾರದು. ಆದರೆ ಸ್ಕ್ರಬ್ಬರ್ ಕೂರಿಸಿಕೊಂಡರೆ ಹಳೇ ಅಗ್ಗದ ಎಣ್ಣೆಯನ್ನೇ ಸುಡಬಹುದು. ಅದು ಸಮುದ್ರದ ನೀರಿನಲ್ಲಿ ಹೊಗೆಯನ್ನು ತೊಳೆಯುತ್ತದೆ. ತೊಳೆದ ನೀರು? ಹೆಚ್ಚಿನ ಹಡಗುಗಳಲ್ಲಿ ವಾಪಸ್ ಸಮುದ್ರಕ್ಕೇ. ಆಕಾಶ ಸ್ವಚ್ಛ. ಮೀನುಗಾರರು ಇನ್ನು ಬಲೆಯನ್ನು ಮೇಲಕ್ಕೆ ಬೀಸಿದರಾಯಿತು, ಅಲ್ವಾ?

"ರಾತ್ರಿ ಪೈಪು ತಿರುಗಸೋ ಚಾಳಿ ಅವರಿಗಿಲ್ಲೇನು?" ದೊಡ್ಡವ್ವ ಕೇಳಿದರು.

ಇದೆ. ಅದಕ್ಕೆ ಹೆಸರೇ 'ಮ್ಯಾಜಿಕ್ ಪೈಪ್'. ಎಣ್ಣೆ ಬೆರೆತ ನೀರನ್ನು ಅದರಿಂದ ಕದ್ದು ಬಿಟ್ಟಿದ್ದಕ್ಕೆ ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅದೂ ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬ ಬಾಯಿ ಬಿಟ್ಟಿದ್ದರಿಂದ.

ದೊಡ್ಡವ್ವ ಲೋಟ ಕೆಳಗಿಟ್ಟರು. "ಅಲ್ಲೋ, ಅಲ್ಲಿ ಎದುರು ಮನಿನೇ ಇಲ್ಲೇನು?"

ಎದ್ದು ಹೋಗಿ, ಪಕ್ಕದ ಮನೆಯ ಪೈಪನ್ನು ಕಾಲಿನಿಂದ ಇನ್ನೊಂದು ಸಲ ಗಟಾರದೊಳಗೆ ಒತ್ತಿದರು.