ಹಿಂದಿನ ಸೀಟಿನಲ್ಲಿ ಮಲಗಿದ್ದದ್ದು

ಜುಲೈ ಬಂತೆಂದರೆ ಟೆಕ್ಸಾಸ್‌ನಲ್ಲಿ ಎಲ್ಲರೂ ಕಾರಿಗೆ ನೆರಳು ಹುಡುಕುತ್ತಾರೆ. ನಮ್ಮೆಜಮಾನರು ಬಿಸಿಲು ಹುಡುಕುತ್ತಾರೆ. ಕಾರಣ, ಕಾಸ್ಮೊಲಿನ್.

ಅವರಿಗೆ ಹಳೇ ಯುದ್ಧಕಾಲದ ರೈಫಲ್ ಸಂಗ್ರಹಿಸುವ ಹುಚ್ಚು. ಸೋವಿಯತ್ ಸೇನೆಯ ಮೊಸಿನ್-ನಗಾಂತ್ ರೈಫಲ್‌ಗಳಿಗೆ ತುಕ್ಕು ಹಿಡಿಯಬಾರದು ಅಂತ ಗೋದಾಮಿಗೆ ಹಾಕುವ ಮುಂಚೆ ಬಳಿದ ಕಂದು ಜಿಡ್ಡು ಇದು. ರೈಫಲ್ಲಿನ ಮರದ ಭಾಗದೊಳಕ್ಕೂ ಇಳಿದಿರುತ್ತದೆ. ಅದನ್ನು ತೆಗೆಯಲು ನಳಿಗೆ ಬಿಚ್ಚಿಟ್ಟು, ಮರವನ್ನು ಕರಿ ಕಸದ ಚೀಲದಲ್ಲಿ ಸುತ್ತಿ, ಕಾದ ಕಾರಿನಲ್ಲಿ ಮಲಗಿಸಬೇಕು. ಕಾರು ಯಾರದ್ದು? ನನ್ನದು.

ಹೋದ ಶನಿವಾರ ಕನ್ನಡ ಕೂಟದ ಊಟಕ್ಕೆ ಹೊರಟಾಗ ಗೆಳತಿಯ ತಾಯಿಯನ್ನೂ ಕರೆದುಕೊಂಡೆವು. ಮೈಸೂರಿನಿಂದ ಆಗಷ್ಟೇ ಬಂದವರು. ಹಿಂದೆ ಕೂತು ಪಕ್ಕಕ್ಕೆ ನೋಡಿದರು.

“ಏನಪ್ಪಾ ಇದು, ಇಷ್ಟುದ್ದ?”

“ರಷ್ಯಾದ್ದು ಆಂಟಿ. 1942ರಲ್ಲಿ ಹುಟ್ಟಿದ್ದು” ಅಂದರು ಇವರು.

ಆಂಟಿ ಕಾಲು ಎಳೆದುಕೊಂಡರು. “ಯಾವಾಗಿಂದ ಇಲ್ಲಿದೆ?”

“ಸೋಮವಾರದಿಂದ. ಇನ್ನೂ ಒಸರ್ತಾನೇ ಇದೆ.”

ಹಿಂದಿನಿಂದ ವಿಷ್ಣು ಸಹಸ್ರನಾಮ ಶುರುವಾಯಿತು. ನಾನು ತಿರುಗಿ “ಬರೀ ಮರ ಆಂಟಿ, ಮರ” ಅಂದೆ. ಅವರು ಕಣ್ಣೇ ಬಿಡಲಿಲ್ಲ. ಇವರು ಸುಮ್ನೆ ಇರಬಾರದಾ? “ತಲೆ ಭಾಗ ಗ್ಯಾರೇಜಲ್ಲಿದೆ, ಸಂಜೆ ಜೋಡಿಸ್ತೀನಿ” ಅಂದರು. ಇಳಿದಾಗ ನೋಡಿದರೆ ಆಂಟಿಯ ಮೈಸೂರು ಸಿಲ್ಕ್ ಅಂಚಿಗೆ ಅಂಗೈಯಗಲ ಜಿಡ್ಡು. ಊಟದುದ್ದಕ್ಕೂ ಅವರು ನಮ್ಮ ಸಾಲಿಗೆ ಬರಲಿಲ್ಲ. ವಾಪಸ್ ಬೇರೆಯವರ ಕಾರಲ್ಲಿ ಹೋದರು. ಡ್ರೈ ಕ್ಲೀನಿಂಗ್ ದುಡ್ಡು ಕೊಟ್ಟವಳು ನಾನು.

ಜಿಡ್ಡು ಹೋದರೆ ಮುಗಿಯಿತಾ? ನಂಬರ್ ನೋಡಬೇಕು. ನಳಿಗೆ, ಗುಂಡನ್ನು ಒಳಕ್ಕೆ ತಳ್ಳುವ ಬೋಲ್ಟ್, ಗುಂಡು ತುಂಬುವ ಮ್ಯಾಗಜೀನಿನ ತಳ, ಹೆಗಲಿಗೆ ಒರಗಿಸುವ ಹಿಂಭಾಗದ (ಬಟ್) ತಗಡು, ತುದಿಗೆ ಸಿಕ್ಕಿಸುವ ಬಯೊನೆಟ್, ಎಲ್ಲದರ ಮೇಲೂ ಒಂದೇ ನಂಬರ್ ಇದ್ದರೆ ಬೆಲೆ ಜಾಸ್ತಿ. ನಮ್ಮ ಮದುವೆಗೂ ಇಷ್ಟು ಜಾತಕ ನೋಡಿರಲಿಲ್ಲ. ಅದರಲ್ಲೂ ಮೋಸ ಉಂಟು: ಯುದ್ಧವಾದ ಮೇಲೆ ರಿಪೇರಿ ಮಾಡಿದ ಸೋವಿಯತ್ ಕಾರ್ಖಾನೆಯವರೇ ಹಳೇ ನಂಬರಿಗೆ ಗೀಟು ಹಾಕಿ ಹೊಸದು ಒತ್ತುತ್ತಿದ್ದರು. ಆ ಗೀಟು ಹುಡುಕಲು ಭೂತಗನ್ನಡಿ, ಟಾರ್ಚು, ಟಾರ್ಚು ಹಿಡಿಯಲು ನಾನು.

ಒಂದಕ್ಕೆ ಮಾತ್ರ ಬೈಯಲು ಬಾಯಿ ಬರಲಿಲ್ಲ. ಕೋಲ್ಕತ್ತ ಹತ್ತಿರದ ಇಶಾಪುರದಲ್ಲಿ 1943ರಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ ಅದು, ಬ್ರಿಟಿಷ್ ಸೇನೆಯವರು ಬಳಸುತ್ತಿದ್ದದ್ದು. ಮುಂದಿನ ಮರ ಸೀಳದಿರಲಿ ಅಂತ ಅಡ್ಡಕ್ಕೊಂದು ಸ್ಕ್ರೂ ಹಾಕಿದ್ದಾರೆ. ಇಲ್ಲಿನ ಸಂಗ್ರಹಕಾರರು ಅದಕ್ಕೆ ‘ಇಶಾಪುರ ಸ್ಕ್ರೂ’ ಅಂತಲೇ ಹೆಸರಿಟ್ಟಿದ್ದಾರೆ. ಮರದಲ್ಲಿ ಯಾರೋ ಮೊಳೆಯಿಂದ ಕೆರೆದ ಗುರುತೂ ಇದೆ. ಹೆಸರೋ, ಊರೋ, ಓದಲಾಗದಷ್ಟು ಸವೆದಿದೆ. ಕೆರೆದ ಆ ಸೈನಿಕ ಮನೆಗೆ ವಾಪಸ್ ಹೋದನೋ ಇಲ್ಲವೋ ಅಂತ ಯೋಚಿಸುತ್ತಾ ಸ್ವಲ್ಪ ಹೊತ್ತು ಹಿಡಿದೇ ಕೂತಿದ್ದೆ.

ಅಷ್ಟರಲ್ಲಿ ಇವರು ಬಟ್‌ನ ಹಿತ್ತಾಳೆ ಮುಚ್ಚಳ ತೆಗೆದು “ಅಯ್ಯೋ!” ಅಂದರು. ಒಳಗೆ ಎಣ್ಣೆ ಬಾಟಲಿ, ನಳಿಗೆ ಉಜ್ಜುವ ದಾರ ಇರಬೇಕಿತ್ತಂತೆ. ಎರಡೂ ಇಲ್ಲ. ನಡುರಾತ್ರಿವರೆಗೆ ಹುಡುಕಿ ಬಾಟಲಿ ತರಿಸಿದರು. ನಿನ್ನೆ ಬಂತು. ಮುಚ್ಚಳಕ್ಕೆ ಚರ್ಮದ ವಾಷರ್ ಇರಬೇಕಂತೆ, ಇದರಲ್ಲಿಲ್ಲ. ಈಗ ವಾಷರ್ ಹುಡುಕುತ್ತಿದ್ದಾರೆ. ಬೆಳಗ್ಗೆಯಿಂದ ನನ್ನ ಹಳೇ ಹ್ಯಾಂಡ್‌ಬ್ಯಾಗ್ ಕಾಣಿಸುತ್ತಿಲ್ಲ.